ತೊಟ್ಟಿಲಕ್ಕನ ಮೂಗಿನಲ್ಲಿ ಇದ್ದದ್ದು

ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದ ಹೆಂಗಸನ್ನು ಎಲ್ಲರೂ ತೊಟ್ಟಿಲಕ್ಕ ಎನ್ನುತ್ತಿದ್ದರು. ಹುಟ್ಟಿದ ಮಗುವಿನ ಮೈ ಒರೆಸುವುದು, ತೂಕ ನೋಡುವುದು, ಬಟ್ಟೆ ಸುತ್ತುವುದು ಆಕೆಯ ಕೆಲಸ. ಆಕೆ ಸುತ್ತಿದ ಬಟ್ಟೆ ಎಷ್ಟು ಒದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಹೊಸ ನರ್ಸುಗಳು ಎಲ್ಲ ಪರೀಕ್ಷೆ ಪಾಸು ಮಾಡಿ ಬರುತ್ತಿದ್ದರು. ಅಳುವ ಮಗುವನ್ನು ಹಿಡಿಯುವುದನ್ನು ಮಾತ್ರ ಈಕೆಯಿಂದ ಕಲಿಯಬೇಕಾಗುತ್ತಿತ್ತು. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ಗೊತ್ತಾಗುವಂತೆಯೂ ನಡೆದುಕೊಳ್ಳುತ್ತಿದ್ದಳು.

ಆ ವಾರ್ಡಿನಲ್ಲಿ ಕೈ ತೊಳೆಯುವ ಶಿಸ್ತು ಬಲು ಬಿಗಿ. ಒಂದು ಮಗುವನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಒಂದು ಪಾಳಿಯಲ್ಲಿ ಅರವತ್ತು ಸಲ ತೊಳೆದು ಎಲ್ಲರ ಬೆರಳುಗಳೂ ಬಿರುಕು ಬಿಟ್ಟಿದ್ದವು. ಬಿರುಕಿಗೆ ಸೋಪು ತಗುಲಿದರೆ ಉರಿಯುತ್ತದೆ, ಉರಿದರೆ ಜನ ತೊಳೆಯುವುದನ್ನು ತಪ್ಪಿಸುತ್ತಾರೆ ಎಂದು ಕಂಡುಕೊಂಡ ತೊಟ್ಟಿಲಕ್ಕ ಒಂದು ದೊಡ್ಡ ಮುಲಾಮಿನ ಡಬ್ಬಿ ತಂದು ಸಿಂಕಿನ ಪಕ್ಕದಲ್ಲಿಟ್ಟಳು. ಎಲ್ಲರೂ ತೊಳೆದ ಬೆರಳನ್ನು ಅದರಲ್ಲಿ ಅದ್ದಿ ಹಚ್ಚಿಕೊಂಡರು. ತೊಳೆದ ಕೈ ಶುದ್ಧ ಎಂಬ ನಂಬಿಕೆ ಅಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ ಡಬ್ಬಿಯ ಮೇಲೆ ಯಾರಿಗೂ ಅನುಮಾನ ಹುಟ್ಟಲಿಲ್ಲ. ಇಷ್ಟು ತೊಳೆಯದ ಕಡೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಮೂರು ತಿಂಗಳಲ್ಲಿ ಏಳು ಶಿಶುಗಳ ಮೈಮೇಲೆ ಕೀವುಗುಳ್ಳೆ ಎದ್ದವು. ಒಂದಕ್ಕೆ ನಂಜು ರಕ್ತಕ್ಕೇರಿತು. ಅದು ಬದುಕಿತು, ಆದರೆ ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು.

ಪ್ರಯೋಗಾಲಯದ ಡಾಕ್ಟರು, ಹೆಚ್ಚು ಮಾತಾಡದ ಒಬ್ಬ ಯುವತಿ, ಸಿಬ್ಬಂದಿಯೆಲ್ಲರ ಮೂಗಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದಳು. ಸಿಂಕು, ನಲ್ಲಿ, ತೂಕದ ತಟ್ಟೆ, ಮುಲಾಮಿನ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಎರಡು ವಾರದ ಮೇಲೆ ತೊಟ್ಟಿಲಕ್ಕನನ್ನು ಕರೆಸಿ ಎದುರಿಗೆ ಕೂರಿಸಿಕೊಂಡಳು.

"ಒಂದು ಬ್ಯಾಕ್ಟೀರಿಯಾದ ಜೀನೋಮ್ ಅಂದ್ರೆ ಇಪ್ಪತ್ತೆಂಟು ಲಕ್ಷ ಅಕ್ಷರದ ಬರಹ. ಅದು ಒಂದು ಎರಡಾಗೋವಾಗ ಬರಹ ನಕಲಾಗುತ್ತೆ. ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತೆ. ಮುಂದಿನವು ಆ ತಪ್ಪನ್ನೂ ಸೇರಿಸಿ ನಕಲು ಮಾಡ್ತವೆ."

"ಪರೀಕ್ಷೇಲಿ ಕಾಪಿ ಹೊಡೆದೋರು ಸಿಕ್ಕಿಬೀಳೋದೂ ಹೀಗೇ ಅಲ್ವಾ ಡಾಕ್ಟ್ರೇ?"

"ಹೂಂ. ಹಾಗೇ. ಮಕ್ಕಳ ಗುಳ್ಳೇಲೂ ನಿಮ್ಮ ಮೂಗಲ್ಲೂ ಇರೋ ಬರಹ ಹೆಚ್ಚುಕಡಿಮೆ ಒಂದೇ."

"ನಾನು ಯಾರು? ತೋರಿಸಿದೋಳಾ, ಕಾಪಿ ಹೊಡೆದೋಳಾ?"

"ತೋರಿಸಿದೋರು. ನಿಮ್ಮ ಮೂಗಿಂದ ಬೆರಳಿಗೆ, ಬೆರಳಿಂದ ಡಬ್ಬಿಗೆ, ಡಬ್ಬಿಯಿಂದ ಎಲ್ಲರ ಕೈಗೆ."

ಡಬ್ಬಿಯನ್ನು ಎಸೆದರು. ತೊಟ್ಟಿಲಕ್ಕನನ್ನು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದರು. ವಾರಕ್ಕೊಂದರಂತೆ ಮೂರು ವಾರ ಮೂಗಿನ ಪರೀಕ್ಷೆ ಮಾಡುತ್ತಾರೆ, ಮೂರೂ ಶುದ್ಧವಾಗಿ ಬಂದರೆ ವಾರ್ಡಿಗೆ ಮರಳಬಹುದು ಎಂದು ಹಿರಿಯ ನರ್ಸು ಹೇಳಿದರು. ಆಕೆಗೆ ಬೇಕಾದದ್ದು ಅದೊಂದೇ.

ಬಟ್ಟೆ ಕೋಣೆಗೆ ಕಿಟಕಿಯಿಲ್ಲ. ಒಂದು ಗೋಡೆಯಲ್ಲಿ ಬಿಸಿನೀರಿನ ಕೊಳವೆ ಓಡುತ್ತದೆ. ಮೇಲಿನ ವಾರ್ಡಿನ ಒರೆಸುಬಟ್ಟೆಗಳು ಒಗೆದಾದ ಮೇಲೆ ಇಲ್ಲಿಗೇ ಬರುತ್ತಿದ್ದವು. ಗ್ಲೌಸ್ ಹಾಕಿಕೊಂಡು ಅವನ್ನು ಮಡಿಸಿ, ಕ್ರಿಮಿ ಸಾಯಿಸುವ ಆವಿಪೆಟ್ಟಿಗೆಗೆ ಕಳಿಸುವುದಷ್ಟೇ ಈಗ ಆಕೆಯ ಪಾಲಿಗೆ ಉಳಿದದ್ದು.

ಔಷಧದ ಸೋಪಿನಲ್ಲಿ ಮಿಂದಳು, ಹಾಸಿಗೆ ಬಟ್ಟೆ ಕುದಿಸಿದಳು, ದಿನಕ್ಕೆರಡು ಸಲ ಮೂಗಿಗೆ ಔಷಧ ಹಚ್ಚಿಕೊಂಡಳು. ಮನೆಯಲ್ಲಿ ಅತ್ತೆ ಮಂಚದ ಮೇಲಿನಿಂದಲೇ ಇದನ್ನೆಲ್ಲ ನೋಡುತ್ತಿದ್ದಳು.

"ಏನೇ ಅದು, ಈ ವಯಸ್ಸಲ್ಲಿ ಮೂಗಿಗೆ ಸಿಂಗಾರ?"

"ಔಷಧಿ, ಅತ್ತೆ."

"ನನ್ನ ಮಗ ನಿನ್ನ ಮೂಗು ನೋಡಿ ಮದುವೆ ಆಗ್ಲಿಲ್ಲ, ಬಿಡು."

ಮೊದಲ ವಾರ ಶುದ್ಧ, ಎರಡನೆಯ ವಾರ ಶುದ್ಧ, ಮೂರನೆಯ ವಾರ ಅದೇ ಬ್ಯಾಕ್ಟೀರಿಯಾ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಮೂರನೆಯ ವಾರ ಅದೇ.

ಆಗ ಡಾಕ್ಟರು ಮನೆಗೇ ಬಂದಳು. ಎರಡು ಕೋಣೆಯ ಮನೆ. ಹೊರಕೋಣೆಯಲ್ಲಿ ಅತ್ತೆಯ ಮಂಚ. ಸಕ್ಕರೆ ಕಾಯಿಲೆಯಿಂದ ಐದು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಆಕೆಯ ಎರಡು ಕಾಲ್ಬೆರಳು ತೆಗೆದಿದ್ದರು. ಆ ಜಾಗದ ಗಾಯ ಅಂದಿನಿಂದ ಪೂರ್ತಿ ಮಾಯಲೇ ಇಲ್ಲ. ಬೆಳಿಗ್ಗೆ ಸಂಜೆ ಅದನ್ನು ತೊಳೆದು ಕಟ್ಟುತ್ತಿದ್ದವಳು ತೊಟ್ಟಿಲಕ್ಕ. ಡಾಕ್ಟರು ಗಾಯದಿಂದ, ಬಸ್ ಮೆಕ್ಯಾನಿಕ್ ಆಗಿದ್ದ ಗಂಡನ ಮೂಗಿನಿಂದ, ಕೊನೆಗೆ ಬೆಕ್ಕಿನಿಂದಲೂ ಕಡ್ಡಿ ಒರೆಸಿಕೊಂಡಳು. ಬೆಕ್ಕು ಆಕೆಯ ಕೈ ಪರಚಿತು.

"ಬೆಕ್ಕಿನ ಮೂಗನ್ನೂ ಬಿಡಲ್ವಲ್ಲ ತಾಯಿ!" ಎಂದಳು ಅತ್ತೆ. "ಓದಿದೋರಿಗೆ ಕೆಲಸ ಇಲ್ಲ ಅಂತಾರೆ, ನಿಜ ಇರಬೇಕು."

"ಪ್ರಾಣಿಗಳಿಂದ ಮನುಷ್ಯರಿಗೂ ಬರುತ್ತಮ್ಮ, ಮನುಷ್ಯರಿಂದ ಅವಕ್ಕೂ ಹೋಗುತ್ತೆ."

ಬೆಕ್ಕಿನಲ್ಲಿ ಏನೂ ಸಿಗಲಿಲ್ಲ. ಗಂಡನಲ್ಲೂ ಇಲ್ಲ. "ಈ ಮನೇಲಿ ಯೋಗ್ಯರು ಅಂತ ಇರೋದು ನಾನೂ ಬೆಕ್ಕೂ" ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ.

ಅತ್ತೆಯ ಗಾಯದಲ್ಲಿದ್ದ ಬ್ಯಾಕ್ಟೀರಿಯಾ ಉಳಿದೆಲ್ಲಕ್ಕೂ ಮೂಲ. ಸೊಸೆಯ ಮೂಗಿನಲ್ಲಿದ್ದದ್ದರಲ್ಲಿ ಅದಕ್ಕಿಂತ ಎರಡು ಅಕ್ಷರ ಬದಲಾಗಿದ್ದವು, ಮಕ್ಕಳದ್ದರಲ್ಲಿ ಇನ್ನೂ ಒಂದೆರಡು ಹೆಚ್ಚು. ಡಾಕ್ಟರು ಇನ್ನೊಂದನ್ನೂ ಹೋಲಿಸಿ ನೋಡಿದ್ದಳು. ಐದು ವರ್ಷದ ಹಿಂದೆ ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಾರ್ಡಿನಿಂದ ತೆಗೆದು ಹಿಮಪೆಟ್ಟಿಗೆಯಲ್ಲಿಟ್ಟಿದ್ದ ಒಂದು ಮಾದರಿ ಈ ಗಾಯದ್ದಕ್ಕೆ ಬಹಳ ಹತ್ತಿರವಿತ್ತು.

"ಅಂದ್ರೆ ನಮ್ಮತ್ತೆಗೆ ಈ ಆಸ್ಪತ್ರೆಯಿಂದಲೇ ಅಂಟಿದ್ದು?"

"ಹೌದು. ಆದ್ರೆ ಅದನ್ನ ವರದೀಲಿ ಹಾಕಬೇಡಿ ಅಂತ ಮೇಲಿನವರು ಹೇಳಿದ್ದಾರೆ."

"ನನ್ನದು ಹಾಕಿದ್ದೀರಲ್ಲ."

ಡಾಕ್ಟರು ವರದಿಯ ಹಾಳೆ ಮಡಿಸಿದಳು. "ಆ ಗಾಯ ಮಾಯೋದು ಕಷ್ಟ. ಅದು ಇರೋ ಮನೇಲಿ ನೀವಿದ್ರೆ ಮತ್ತೆ ಮತ್ತೆ ಅಂಟುತ್ತೆ" ಎಂದಳು.

"ಗ್ಲೌಸ್ ಹಾಕ್ಕೊಂಡೇ ಕಟ್ಟೋದು ನಾನು."

"ಅದೇ ಹಾಸಿಗೆ ಕೊಡವ್ತೀರಿ, ಅದೇ ಗಾಳೀಲಿ ಮಲಗ್ತೀರಿ. ಅವರು ಬೇರೆ ಇರಬೇಕು, ಇಲ್ಲ ನೀವಿರಬೇಕು."

ತೊಟ್ಟಿಲಕ್ಕ ನಾದಿನಿಗೆ ಫೋನು ಮಾಡಿದಳು. ನಾದಿನಿ ಪೂರ್ತಿ ಕೇಳಿಸಿಕೊಂಡಳು.

"ಅತ್ತಿಗೆ, ನಮ್ಮಮ್ಮನ್ನ ಬೇಡ ಅಂತೀನಾ? ಆದ್ರೆ ನನ್ನ ಸೊಸೆ ಹೆತ್ತು ಇನ್ನೂ ತಿಂಗಳಾಗಿಲ್ಲ. ಎಳೆಮಕ್ಕಳಿಗೆ ಆಗಲ್ಲ ಅಂತ ನಿನ್ನನ್ನೇ ಹೊರಗೆ ಹಾಕಿದ್ದಾರೆ. ಈಗ ನೀನೇ ಹೇಳು, ಕರ್ಕೊಂಡು ಬರ್ಲಾ?"

ಇದೇ ಆಸ್ಪತ್ರೆಯಲ್ಲಿ ಹುಟ್ಟಿದ ಆ ಮಗುವನ್ನು ಮೊದಲ ದಿನ ಸುತ್ತಿಕೊಟ್ಟವಳು ಬೇರೊಬ್ಬ ಆಯಾ. ತೊಟ್ಟಿಲಕ್ಕ ಆಗಲೇ ನೆಲಮಾಳಿಗೆಯಲ್ಲಿದ್ದಳು. "ಬೇಡ" ಎಂದು ಫೋನಿಟ್ಟಳು.

ಗಂಡ, "ನಾನು ನೋಡ್ಕೋತೀನಿ, ನೀನು ಮೂರು ವಾರ ಆಸ್ಪತ್ರೆಯ ಆಯಾಗಳ ಕೋಣೇಲಿರು" ಎಂದ. ಹೋದಳು. ಅವನ ಮನಸ್ಸೇನೋ ಒಳ್ಳೆಯದು. ಒಳ್ಳೆಯ ಮನಸ್ಸಿಗೆ ಗಾಯ ಕಟ್ಟಲು ಬರುವುದಿಲ್ಲ. ಬೋಲ್ಟು ಬಿಗಿದ ಹಾಗೆ ಬಿಗಿದ. ಮುದುಕಿಗೆ ಪಾದದಲ್ಲಿ ಸ್ಪರ್ಶವೇ ಇರಲಿಲ್ಲ, ಹಾಗಾಗಿ ನೋವೆನ್ನಲಿಲ್ಲ. ಬಚ್ಚಲಿಗೆ ಮಗ ಎತ್ತಿಕೊಂಡು ಹೋಗುವುದು ನಾಚಿಕೆಯೆಂದು ನೀರು ಕುಡಿಯುವುದನ್ನೇ ಬಿಟ್ಟಳು. ಒಂಬತ್ತನೆಯ ದಿನ ಜ್ವರ ಬಂತು. ತೊಟ್ಟಿಲಕ್ಕ ಬಂದು ಕಟ್ಟು ಬಿಚ್ಚಿದಾಗ ಇನ್ನೊಂದು ಬೆರಳು ಕಪ್ಪಗಾಗಿತ್ತು.

"ಎಲ್ಲಿ ಹೋಗಿದ್ದೆ?" ಎಂದಳು ಅತ್ತೆ.

"ಕೆಲಸ ಇತ್ತು."

"ಅವನಿಗೆ ಬಸ್ಸಿನ ಚಕ್ರ ಕಟ್ಟೋಕೆ ಹೇಳು. ನನ್ನ ಕಾಲು ಅವನಿಗೆ ಕೊಡ್ಬೇಡ."

ಬೆರಳು ತೆಗೆದರು. ಅತ್ತೆ ಮನೆಗೆ ಮರಳಿದ ವಾರ, ವಾರ್ಡಿನಲ್ಲಿ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕಬೇಕು, ನಿನ್ನ ನಿರ್ಧಾರ ಹೇಳು ಎಂದು ಆಸ್ಪತ್ರೆಯ ಕಚೇರಿಯಿಂದ ಕರೆ ಬಂತು. ಗುಮಾಸ್ತ ಅಚ್ಚಾದ ಅರ್ಜಿ ಮುಂದಿಟ್ಟ. ಬಟ್ಟೆ ಕೋಣೆಗೆ ಕಾಯಂ ವರ್ಗಾವಣೆಯನ್ನು ಸ್ವಂತ ಇಚ್ಛೆಯಿಂದ ಕೋರುತ್ತೇನೆ ಎಂದಿತ್ತು. ತೊಟ್ಟಿಲಕ್ಕ ಅದನ್ನು ಎರಡು ಸಲ ಓದಿದಳು.

"ಸ್ವಂತ ಇಚ್ಛೆಯಿಂದ ಅನ್ನೋದನ್ನ ಹೊಡೆದುಹಾಕ್ಲಾ?"

"ಹೊಡೆದ್ರೆ ಅರ್ಜಿ ನಡೆಯಲ್ಲಕ್ಕ. ಎಲ್ಲರದ್ದೂ ಇದೇ ನಮೂನೆ."

ಸಹಿ ಹಾಕಿದಳು. ಸಂಜೆಗೆ ಪಾಳಿ ಮುಗಿಸಿ ಮನೆಗೆ ಹೋಗಿ, ಗ್ಲೌಸ್ ಹಾಕಿಕೊಂಡು ಮಂಚದ ಕಾಲಬಳಿ ಕುಳಿತು ಕಟ್ಟು ಬಿಚ್ಚಿದಳು.

"ಇವತ್ತೂ ಇಷ್ಟು ಬೇಗ?"

"ಇನ್ನು ದಿನಾ ಇದೇ ಹೊತ್ತು. ಬಟ್ಟೆ ಕೋಣೆಗೆ ಒಂದೇ ಪಾಳಿ."

"ಮಕ್ಕಳ ಹತ್ರ ಹೋಗಲ್ವಾ?"

"ಇಲ್ಲ."

ಸೊಸೆ ಗಾಯ ತೊಳೆದು ಹೊಸ ಕಟ್ಟು ಕಟ್ಟುವುದನ್ನು ಮುದುಕಿ ನೋಡುತ್ತಿದ್ದಳು. ಆಮೇಲೆ, ಕಟ್ಟು ಸಡಿಲವಾಯಿತು, ಇನ್ನೊಂದು ಸುತ್ತು ಹಾಕು ಎಂದಳು. ಸೊಸೆ ಹಾಕಿದಳು.