ಮಲ್ಪೆಗೆ ಧರ್ಮಸ್ಥಳದ ನೆಪ

ಸಿಂಧಘಟ್ಟದ ನಿಂಗರಾಜುವಿನ ಮದುವೆ ತೊಂಬತ್ತಾರನೇ ಇಸವಿಯಲ್ಲಿ, ಅವನಪ್ಪ ಜವರಯ್ಯ ತೀರಿಕೊಂಡ ವರ್ಷದೊಳಗೇ ಆಗಿಹೋಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವ ಮೊದಲು ಒಂದು ಶುಭಕಾರ್ಯ ಆಗಬೇಕೆಂದು ಹಿರಿಯರು ಅವಸರ ಮಾಡಿದರು. ನಿಂಗರಾಜು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅಪ್ಪನ ಬೂದಿಯನ್ನು ಶ್ರೀರಂಗಪಟ್ಟಣದ ಹೊಳೆಗೆ ಬಿಟ್ಟು ಬಂದಂದಿನಿಂದ ಎಲ್ಲವೂ ಬೇರೆ ಯಾರಿಗೋ ಆಗುತ್ತಿರುವ ಹಾಗಿತ್ತು. ತಾಳಿ ಕಟ್ಟಿದ್ದೂ ಹಾಗೆಯೇ. ಡೈರಿಗೆ ಹಾಲು ಹಾಕುತ್ತಿದ್ದ, ಕಬ್ಬಿಗೆ ನೀರು ಕಟ್ಟುತ್ತಿದ್ದ, ಉಂಡು ಮಲಗುತ್ತಿದ್ದ.

ಹೆಂಡತಿ ಹೇಮಶ್ರೀ ಪಾಂಡವಪುರದವಳು. ವರ್ಷದ ತಿಥಿ ಮುಗಿದ ಮೇಲೆ ಒಂದು ದಿನ ಅವನ ತಟ್ಟೆಗೆ ಮುದ್ದೆ ಇಡುತ್ತಾ, "ನಾನು ನಿಮಗೆ ಇಷ್ಟ ಇಲ್ವಾ? ಇಲ್ದಿದ್ರೆ ಏಳ್ಬುಡಿ, ನಮ್ಮವ್ವನ ಮನೇಲಿ ಇರ್ತೀನಿ" ಅಂದಳು. ಸಾರು ಬೇಕಾ ಎಂದು ಕೇಳುವ ದನಿಯಲ್ಲೇ ಅಂದಳು.

ಅವನು ಮುದ್ದೆ ಮುರಿಯುತ್ತಾ, "ಎಲ್ಲಾದ್ರೂ ಹೋಗ್ಬರಾನ" ಅಂದ.

"ಸಮುದ್ರ ನೋಡಿಲ್ಲ ನಾನು. ಮೀನೂ ತಿನ್ಬೇಕು, ಅಲ್ಲಿಯೋರು ಮಾಡಿದ್ದು."

ಮಂಗಳೂರಿಗೆ ಬೆಲ್ಲದ ಲೋಡು ಹೊಡೆಯುವ ಗೆಳೆಯ ತಿಮ್ಮರಾಜು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕಿದ. ವಿಷಯ ಕೇಳಿ ನಕ್ಕ.

"ಮದುವೆಯಾಗಿ ಒಂಬತ್ತು ತಿಂಗ್ಳಿಗೆ ಜನ ಮಗೀನ ತೊಟ್ಲಿಗಾಕ್ತಾರೆ ಕಣ್ಲಾ. ನೀನು ಹನಿಮೂನಿಗೆ ಒಂಟಿದ್ದೀಯ."

"ಎಲ್ಲಿ ಉಳ್ಕಬೇಕು, ಅದೇಳು."

"ಮಲ್ಪೆಗೋಗು. ನೀರಿನ ಪಕ್ಕದಲ್ಲೇ ರೂಮು ಸಿಗ್ತದೆ. ಬೆಳಿಗ್ಗೆ ನೀರ್‌ದೋಸೆ, ಮಧ್ಯಾಹ್ನ ಬಂಗುಡೆ ಸಾರು, ರಾತ್ರಿಗೆ ಅಂಜಲ್ ಫ್ರೈ. ಊರೂರು ಸುತ್ತಬ್ಯಾಡ. ತಿನ್ನು, ಮರಳ ಮೇಲೆ ಕೂತ್ಕ, ಇನ್ನೊಂದ್ ದಪ ತಿನ್ನು. ಮೊಕಾನ ಮಾತ್ರ ಇಂಗಿಟ್ಕಬ್ಯಾಡ ಕಣ್ಲಾ, ಮೀನೂ ಅಳ್ತದೆ."

ಹನಿಮೂನು ಎಂಬ ಮಾತನ್ನು ಅವ್ವ ಜಯಲಕ್ಷ್ಮಮ್ಮನ ಮುಂದೆ ಆಡುವುದು ಹೇಗೆ? ಗಂಡ ಸತ್ತು ಇನ್ನೂ ಅವಳ ಕಣ್ಣೀರು ಆರಿಲ್ಲ. ಅದಕ್ಕೇ ನಿಂಗರಾಜು, "ಧರ್ಮಸ್ಥಳಕ್ಕೋಗಿ ಬತ್ತೀವಿ ಕಣವ್ವ" ಅಂದುಬಿಟ್ಟ.

ಅವ್ವ ಎದ್ದು ದೇವರ ಗೂಡಿಗೆ ಹೋದಳು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟ ಮುಡಿಪನ್ನು ತಂದು ಅವನ ಕೈಗಿಟ್ಟಳು.

"ನಿಂಗೆ ಟೈಫಾಯ್ಡ್ ಆದಾಗ ನಿಮ್ಮಪ್ಪ ಕಟ್ಟಿದ್ದ ಅರಕೆ. ತೀರಿಸ್ದೇನೇ ಹೋದ. ಇವತ್ತಿಂದ ಮೀನು ಮಾಂಸ ಮುಟ್ಬ್ಯಾಡಿ. ದರ್ಶನ ಆದ್ಮೇಲೆ ಎಲ್ಲೂ ನಿಲ್ದೆ ನೆಟ್ಟಗೆ ಮನೆಗೆ ಬನ್ನಿ."

ಧರ್ಮಸ್ಥಳಕ್ಕೆ ಹೋಗುವ ಮೊದಲು ಮೀನಿಲ್ಲ, ಹೋದ ಮೇಲೆ ಸಮುದ್ರವಿಲ್ಲ. ತಾನೇ ಮಾಡಿಕೊಂಡದ್ದು ಎಂದು ತಿಳಿದರೂ ನಿಂಗರಾಜುವಿಗೆ ಏನೂ ಅನ್ನಿಸಲಿಲ್ಲ. ಮುಡಿಪನ್ನು ಜೇಬಿಗೆ ಹಾಕಿಕೊಂಡು ಹೇಮಶ್ರೀಗೆ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಮೀನು ಹೋದ್ರೆ ಹೋಗ್ಲಿ. ಸುಳ್ಳೇಳ್ಕಂಡು ಹೋಗಿ ಮರಳ ಮೇಲೆ ಕೂತ್ರೆ ಏನ್ ಸುಖ? ಅತ್ತೆಗೆ ನಿಜ ಏಳಿ. ಅಷ್ಟೂ ಆಗಲ್ಲ ಅಂದ್ರೆ ನಾನು ಪಾಂಡವಪುರದ ಬಸ್ಸು ಹತ್ತೋದೇ ವಾಸಿ."

ಅಂದು ಸಂಜೆ ಅವ್ವ ಹಿತ್ತಲ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ನಿಂಗರಾಜು ಕಂಬ ಹಿಡಿದು ನಿಂತ.

"ಅವ್ವ, ಧರ್ಮಸ್ಥಳಕ್ಕಲ್ಲ. ನಾವಿಬ್ರೂ ಸಮುದ್ರ ನೋಡಕ್ಕೆ ಹೋಗ್ತಿರೋದು. ಮೀನು ತಿನ್ನಕ್ಕೆ."

ಅವ್ವ ಹಾಲು ಕರೆಯತೊಡಗಿದಳು. ತಂಬಿಗೆ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೈ ಚಾಚಿ ಮುಡಿಪನ್ನು ಈಸಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

"ದೇವ್ರ ಎಸ್ರೇಳಿ ಮೀನು ತಿನ್ನಕ್ಕೆ ಒಂಟೋನ ಇವತ್ತೇ ಕಂಡಿದ್ದು ನಾನು. ಅರಕೇನ ನಾನೇ ಊರೋರ ಜೊತೆ ಹೋಗಿ ತೀರಿಸ್ತೀನಿ. ಹೋಗಿ ಬನ್ನಿ." ಕರುವನ್ನು ಬಿಡುತ್ತಾ, "ಆ ಎಣ್ಮಗೀಗೆ ಮೀನಿನ ಮುಳ್ಳು ಬುಡಿಸ್ಕೊಡು" ಅಂದಳು.

ನಾಚಿಕೆಯಾಗಬೇಕಿತ್ತು, ಇಲ್ಲವೇ ಸಂತೋಷವಾಗಬೇಕಿತ್ತು. ಎರಡೂ ಆಗಲಿಲ್ಲ. ಒಳಗೆ ಹೋದರೆ ಹೇಮಶ್ರೀ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಹಿತ್ತಲ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಅಲ್ಲಾದ್ರೂ ನನ್ನತ್ರ ಮಾತಾಡ್ತೀರಾ?"

"ಗೊತ್ತಿಲ್ಲ ಕಣೇ" ಎಂದು ಅವನು ಇದ್ದದ್ದನ್ನೇ ಹೇಳಿದ.

ಅವಳು ಇನ್ನೊಂದು ಸೀರೆ ತೆಗೆದು ಮಡಿಸತೊಡಗಿದಳು.

"ಆಯ್ತು ಬುಡಿ. ನಾನ್ ಮಾತಾಡ್ತೀನಿ, ನೀವು ಕೇಳಿಸ್ಕಳಿ."

ಅವನು ಹೂಂ ಅಂದ. ಅವಳು ಮಡಿಸುತ್ತಿದ್ದ ಸೀರೆಯ ಇನ್ನೊಂದು ಅಂಚನ್ನು ಹಿಡಿದುಕೊಂಡು ನಿಂತ.