ಪಾದ್ರಿಗಳ ಕೋಣೆಗೆ ಗಾಜು ಕೂರಿಸಿದ್ದು

ಚಿನ್ನದ ಗಣಿ ಕಂಪನಿ ಕಾಲದ ತೇಗದ ಬಾಗಿಲಿಗೆ ಗರಗಸ ಹಾಕು ಎಂದರೆ ಯಾವ ಬಡಗಿಗಾದರೂ ಹೊಟ್ಟೆ ಉರಿಯುತ್ತದೆ. ಊರಿಗಾಂನ ಒಂದು ಚರ್ಚಿನಲ್ಲಿ ಪಾದ್ರಿಗಳು ಕೂರುವ ಕೋಣೆಯ ಬಾಗಿಲದು. ಇಷ್ಟು ವರ್ಷವಾದರೂ ಒಂದು ಸೀಳು ಬಿಟ್ಟಿರಲಿಲ್ಲ. ಅದನ್ನು ಕೊರೆದು ಗಾಜು ಕೂರಿಸಬೇಕಂತೆ! ಪಾದ್ರಿ ಒಳಗೆ ಮಕ್ಕಳ ಜೊತೆ, ಹೆಂಗಸರ ಜೊತೆ, ಯಾರ ಜೊತೆ ಕೂತಿದ್ದರೂ ಹೊರಗಿನವರಿಗೆ ಕಾಣಬೇಕು ಎಂದು ಚರ್ಚಿನವರು ನಿಯಮ ಮಾಡಿದ್ದರು.

ನನಗೆ ಕೋಪ ಬಂತು. ನಾವು ಕ್ಯಾಸಂಬಳ್ಳಿ ಕಡೆಯ ಹಿಂದೂಗಳು. ಆದರೂ ನನ್ನ ಮಗಳು ಪ್ರತಿ ಶನಿವಾರ ಅದೇ ಕೋಣೆಯಲ್ಲಿ ಆ ಪಾದ್ರಿಗಳ ಹತ್ತಿರ ಕೀಬೋರ್ಡ್ ಕಲಿಯುತ್ತಿದ್ದಳು. ಅಂಥ ಒಳ್ಳೆಯ ಮನುಷ್ಯ.

"ನಿಮ್ ಮೇಲೇನೇ ಅನುಮಾನಾನಾ ಅಯ್ಯಾ?" ಎಂದು ಅವರನ್ನೇ ಕೇಳಿಬಿಟ್ಟೆ.

ಅವರು ನಕ್ಕರು. "ಗಾಜು ಹಾಕ್ಸಿ ಅಂದಿದ್ದು ನಾನೇ ಆಚಾರ್ರೇ. ಇವತ್ತಲ್ಲ ನಾಳೆ ನನಗೆ ವರ್ಗ ಆಗುತ್ತೆ. ಆಮೇಲೆ ಬರೋರು ಎಂಥೋರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಗಿಲು ಇಲ್ಲೇ ಇರುತ್ತಲ್ಲ." ಆಮೇಲೆ ಮೆತ್ತಗೆ, "ಇಷ್ಟು ದಿನ ಮಗಳನ್ನ ಬಿಟ್ಟು ಹೋಗ್ತಿದ್ರಲ್ಲ, ಒಂದು ದಿನ ಆದ್ರೂ ಬಾಗಿಲು ತಳ್ಳಿ ನೋಡಿದ್ರಾ?" ಎಂದರು.

ನೋಡಿರಲಿಲ್ಲ. ಹೊರಗೆ ಗಾಡಿ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದೆ. ನಾಚಿಕೆಯಾಗಿ ತಲೆ ತಗ್ಗಿಸಿಕೊಂಡು ಗರಗಸ ಎತ್ತಿಕೊಂಡೆ.

ಗಾಜು ಚೆನ್ನಾಗಿಯೇ ಕೂತಿತು. ಅಷ್ಟರಲ್ಲಿ ಚರ್ಚ್ ಗುಡಿಸುವ ಅಮ್ಮ ಬಂದು, ಪೊರಕೆ ಹಿಡಿದು ತುದಿಗಾಲಲ್ಲಿ ನಿಂತರು. "ಏನಪ್ಪಾ, ನಿನ್ ಎತ್ತರಕ್ಕೆ ಮಾಡ್ಕೊಂಡಿದ್ದೀಯಾ? ನೀನು ಬರೋದು ವಾರಕ್ಕೊಂದು ಕಿತ. ದಿನಾ ಇಲ್ಲಿರೋಳು ನಾನು!" ನಾನೂ ಅವರ ಎತ್ತರಕ್ಕೆ ಬಗ್ಗಿ ನೋಡಿದೆ. ನನಗೆ ಕಂಡಿದ್ದು ಫ್ಯಾನು ಮತ್ತು ಗೋಡೆ ಗಡಿಯಾರ. ಕೀಬೋರ್ಡ್ ಮುಂದೆ ಕೂತ ಮಗುವಿನ ಜಡೆಯೂ ಕಾಣುವಂತಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತೇಗದ ಆಸೆ ಬಿಟ್ಟು ಸೊಂಟದವರೆಗೂ ಕೊರೆದೆ.

ಮುಂದಿನ ಶನಿವಾರದಿಂದ ಗಾಜಿನ ಮುಂದೆ ನಿಲ್ಲುವುದೇ ನನ್ನ ಕೆಲಸವಾಯಿತು. "ಅಪ್ಪಾ, ಅಂಗ್ ನೋಡಿದ್ರೆ ಬೆರಳು ತಪ್ತದೆ, ಅತ್ಲಾಗ್ ಓಗು!" ಎಂದು ಮಗಳು ಒಳಗಿನಿಂದಲೇ ಗದರುತ್ತಿದ್ದಳು.

ಹೋದ ವರ್ಷದ ಕೊನೆಗೆ ಆ ಪಾದ್ರಿಗಳಿಗೆ ವರ್ಗವಾಯಿತು. ಹೊಸಬರು ಬಂದರು, ಅವರೂ ಕೀಬೋರ್ಡ್ ನುಡಿಸುತ್ತಾರೆ. ಮಗಳ ಪಾಠ ನಿಲ್ಲಲಿಲ್ಲವಲ್ಲ ಎಂದು ಖುಷಿಯಾಗಿ ಹೋದರೆ, ಗಾಜಿನ ಒಳಗಡೆಗೆ ಹೂವಿನ ಪರದೆ! ಬಿಸಿಲು ಹೊಡೆಯುತ್ತದೆ ಎಂದರು. ಬಾಗಿಲು ಇರುವುದು ಒಳಗಿನ ಕಾರಿಡಾರಿಗೆ, ಅಲ್ಲಿಗೆ ಯಾವ ಕಾಲದಲ್ಲೂ ಬಿಸಿಲು ಬಂದಿಲ್ಲ. ಪರದೆ ತೆಗೆಸಿ ಎನ್ನಬೇಕೆಂದುಕೊಂಡೆ. ಆದರೆ ಅವರ ಚರ್ಚು, ದೊಡ್ಡವರು, ಹೇಳಲು ಬಾಯಿ ಬರಲಿಲ್ಲ. ಮಗಳಿಗೆ ಜ್ವರ ಎಂದು ಸುಳ್ಳು ಹೇಳಿ ಕರೆದುಕೊಂಡು ಹೊರಟೆ. ಅವಳು ಮನೆಯವರೆಗೂ ಜಗಳವಾಡಿದಳು. ಹೊರಡುವಾಗ ಗುಡಿಸುವ ಅಮ್ಮನಿಗೆ ಮಾತ್ರ ವಿಷಯ ಹೇಳಿದ್ದೆ.

ಮುಂದಿನ ವಾರ ಹೋದಾಗ ಪರದೆ ಇರಲಿಲ್ಲ.

"ಪರದೆ ಎಲ್ಲಮ್ಮಾ?" ಎಂದು ಪಾದ್ರಿಗಳು ನನ್ನೆದುರಿಗೇ ಕೇಳಿದರು.

"ಕೊಳೆ ಆಗಿತ್ತಯ್ಯಾ, ಒಗೆದು ಒಣಗಾಕಿದ್ದೀನಿ," ಎಂದರು ಅಮ್ಮ, ಕಣ್ಣು ಮಿಟುಕಿಸದೆ.

ಮೂರು ತಿಂಗಳಾಯಿತು. ಇನ್ನೂ ಒಣಗಿಲ್ಲವಂತೆ.