ಆರನೆಯ ಬೆನ್ನು

ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿದೆ. ನಾಳೆ ಮಂಡ್ಯದಲ್ಲಿ ಹಳೆಯ ಫೋಟೋಗಳ ಪ್ರದರ್ಶನ. ಚಿತ್ರಗಳ ಅಡಿಬರಹ ಬರೆದು ಅಂಟಿಸುವ ಕೆಲಸ ನನ್ನದು. ಅಂಗಡಿಯಲ್ಲಿ ಅಂಟು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಆದರೆ ಈ ವಾಸನೆ ಬಂದರೆ ನನಗೆ ನಿಂಗಮ್ಮ ನೆನಪಾಗುತ್ತಾರೆ.

ಕೆಲವು ವರ್ಷಗಳ ಹಿಂದೆ, ಮಳವಳ್ಳಿಯ ಪ್ರದರ್ಶನದ ಹೊತ್ತಿಗೆ, ನನಗೆ ಬರವಣಿಗೆಯ ಹುಚ್ಚು ನೆತ್ತಿಗೇರಿತ್ತು. ಅಲ್ಲೊಂದು ಚಿತ್ರ: ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿರುವ ಆರು ಹೆಂಗಸರು. ಮುಖ ಒಂದೂ ಕಾಣದು, ಬರೀ ಬೆನ್ನು. ಅದರಡಿ ನಾನು ಶ್ರಮ, ಭೂಮಿತಾಯಿ, ಹಸಿರು ಎಂದೆಲ್ಲ ಒಂದು ಪುಟ ಕೊರೆದಿದ್ದೆ. ಜನ ಚಿತ್ರ ನೋಡಿ, ನನ್ನ ಎರಡನೇ ಸಾಲಿಗೆ ಆಕಳಿಸಿ ಮುಂದೆ ಹೋಗುತ್ತಿದ್ದರು.

ನಿಂಗಮ್ಮ ಮಾತ್ರ ಕದಲಲಿಲ್ಲ. ಪಕ್ಕದ ಹಳ್ಳಿಯಿಂದ ಸಂತೆಗೆ ಬಂದ ಮುದುಕಿ, ನೆರಳಿಗೆಂದು ಒಳಬಂದಿದ್ದರು.

"ಇದೇನಪ್ಪಾ ಬರ್ದಿರಾದು?"

ಓದಿ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡರು. "ಅದ್ಸರಿ, ಇವ್ರ ಎಸ್ರೆಲ್ಲಿ?"

"ಮುಖವೇ ಕಾಣಲ್ವಲ್ಲಮ್ಮ, ಹೆಸರು ಹೇಗೆ ಗೊತ್ತಾಗ್ಬೇಕು?"

"ಮಕ ಯಾಕಪ್ಪ ಬೇಕು? ಸೆರಗ ಇಂಗೆ ಸಿಗ್ಸೋಳು ಕೆಂಪಿ. ಕಾಲಗಲ ಮಾಡ್ಕೊಂಡೋಳು ದ್ಯಾವಮ್ಮ, ಆಗ ಬಸ್ರಿ. ಸಾಲು ಸೊಟ್ಟ ಬಂದದಲ್ಲ, ಅದು ಚಿಕ್ಕತಾಯಿದೇಯ."

ಬೆರಳು ಒಂದೊಂದೇ ಬೆನ್ನಿನ ಮೇಲೆ ನಿಂತು ಮುಂದೆ ಹೋಯಿತು. ಐದು ಹೆಸರು. ಐವರೂ ಈಗಿಲ್ಲವಂತೆ. ಆ ಚಿತ್ರವನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ, ಏನೂ ಕಂಡಿರಲಿಲ್ಲ. ಆರನೆಯವಳ ಬಳಿ ಬೆರಳು ತಡವರಿಸಿತು. "ಇವ್ಳು ಯಾರೋ ಗೊತ್ತಾಯ್ತಿಲ್ವಲ್ಲ" ಎಂದು ಸಂಕಟಪಡುತ್ತಲೇ ಹೊರಟರು.

ಸಂಜೆ ನನ್ನ ಪುಟವನ್ನು ಕಿತ್ತುಹಾಕಿ, ಐದು ಹೆಸರು ಬರೆದು, ಆರನೆಯದಕ್ಕೆ ಜಾಗ ಬಿಟ್ಟು, ಮೈದಾ ಅಂಟು ಕುದಿಸಿ ಅಂಟಿಸಿದೆ.

ಮರುದಿನ ಬಾಗಿಲು ತೆರೆಯುವ ಮೊದಲೇ ನಿಂಗಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಬಸ್ಸಿಗೇ ಬಂದಿದ್ದರು.

"ನಾವು ನಾಟಿಗೆ ಓಯ್ತಿದ್ದಿದ್ದೇ ಆರ್ ಜನ ಕಣಪ್ಪ. ಐವರು ಅವ್ರಾದ್ಮೇಲೆ ಇದು ನಾನೇ ಅಲ್ವಾ! ನನ್ ಬೆನ್ನ ನಾನೆಲ್ ಕಂಡಿದ್ದೆ?"

ನಾನು ಬರೆಯುವ ತನಕ ಪಕ್ಕದಲ್ಲೇ ನಿಂತಿದ್ದರು. ಅಕ್ಷರ ಬಾರದ ಆಕೆ, ಒಣಗದ ಹೆಸರಿನ ಮೇಲೆ ಬೆರಳಾಡಿಸಿ, ಉಳಿದ ಐವರ ಹೆಸರನ್ನೂ ಮುಟ್ಟಿ ಹೋದರು.

ಅಂಟು ಗಟ್ಟಿಯಾಗುತ್ತಿದೆ. ನಾಳೆಯೂ ಅದೇ ಚಿತ್ರ, ಅಡಿಯಲ್ಲಿ ಆರೇ ಹೆಸರು. ಬಗ್ಗಿ ಕಲಕುತ್ತಾ, ನನ್ನ ಬೆನ್ನು ನೋಡಿ ಇವನೇ ಎನ್ನಬಲ್ಲವರು ಎಷ್ಟು ಜನ ಎಂದು ಬೆರಳು ಮಡಚುತ್ತಿದ್ದೇನೆ. ಹೆಂಡತಿ, ಒಂದು. ಎರಡನೆಯ ಬೆರಳು ಇನ್ನೂ ನೆಟ್ಟಗೇ ಇದೆ.